ಕಾಲಡಿಯ ಸೊಪ್ಪು

"ಸೊಪ್ಪು ಹಾಸಿಗೆ ಹಾಸಿದ ಹಾಗೆ ಬಿದ್ದಿದೆ ಕಣೇ ಅಲ್ಲಿ! ನೀನು ನೋಡಿದ್ರೆ ಅರ್ಧ ಬುಟ್ಟಿ ಹೊತ್ಕೊಂಡು ಬಂದಿದೀಯ. ಉಳಿದ ಅರ್ಧ ಯಾರಿಗೆ ಬಿಟ್ಟು ಬಂದೆ, ಮೀನಿಗಾ?"

ಅತ್ತೆ ಇದನ್ನು ಹೇಳಿದ್ದು ಅಂಗಳದಲ್ಲಿ, ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವ ಹಾಗೆ. ಸೊಸೆ ಬುಟ್ಟಿಯನ್ನು ಒಣಹಾಕುವ ಬಲೆಯ ಮೇಲೆ ಬೋರಲು ಹಾಕಿದಳು. ಒದ್ದೆ ಬಟ್ಟೆಯ ಅಂಚು ಹಿಂಡಿಕೊಂಡಳು. ಆಮೇಲೆ ನಿಧಾನವಾಗಿ, "ಕಲ್ಲು ಬೇಕಾದ್ರೆ ತುಂಬಿಸ್ಕೊಂಡು ಬರ್ತಿದ್ದೆ ಅತ್ತೆ. ಅದಕ್ಕೇನೂ ಬರ ಇಲ್ಲ" ಎಂದಳು.

ಆ ಮನೆಯಲ್ಲಿ ಸೊಪ್ಪು ಅಂದರೆ ಮಾರುಕಟ್ಟೆಯ ಸೊಪ್ಪಲ್ಲ. ಹಿನ್ನೀರಿನ ತಳದ ಕಲ್ಲುಗಳನ್ನು ಕಚ್ಚಿಕೊಂಡು ಬೆಳೆಯುವ ಕೆಂಪು ಕಡಲಪಾಚಿ. ಅದನ್ನು ಒಣಗಿಸಿ ಕಾರ್ಖಾನೆಗೆ ಕೊಟ್ಟರೆ ಅಲ್ಲಿ ಕುದಿಸಿ ಅಂಟು ತೆಗೆಯುತ್ತಾರೆ. ಆ ಅಂಟು ಮಿಠಾಯಿಗೂ ಹೋಗುತ್ತದೆ, ಹಲ್ಲುಜ್ಜುವ ಪೇಸ್ಟಿಗೂ ಹೋಗುತ್ತದೆ. ಬೆಳಗ್ಗೆ ಎದ್ದು ಹಲ್ಲುಜ್ಜುವವರಿಗೆ ತಮ್ಮ ಬಾಯಲ್ಲಿ ಯಾರ ಸೊಂಟನೋವು ನೊರೆಯಾಗುತ್ತಿದೆ ಎಂದು ಗೊತ್ತಿರುವುದಿಲ್ಲ. ಗೊತ್ತಾಗಬೇಕೆಂದು ಈ ಹೆಂಗಸರೂ ಬಯಸಿದವರಲ್ಲ.

ಹಿನ್ನೀರು ಅನ್ನುವುದು ಕಡಲಿನದೇ ನೀರು. ಉದ್ದನೆಯ ಮರಳದಿಬ್ಬವೊಂದು ಅಡ್ಡ ಮಲಗಿ, ಅದನ್ನು ಈಚೆಗೆ ಬೇರೆ ಮಾಡಿತ್ತು. ದಿಬ್ಬದ ಒಂದು ತುದಿಯಲ್ಲಿ ಅಳಿವೆ. ಕಡಲು ಒಳಗೆ ಬಂದು ಹೊರಗೆ ಹೋಗುವ ಬಾಯಿ ಅದು. ಕೆಲವು ವರ್ಷಗಳಿಂದ ಆ ಬಾಯಿಗೆ ಮರಳು ತುಂಬುತ್ತಾ ಬಂದಿತ್ತು. ಅಲೆ ಬರುವುದು ಕಡಿಮೆಯಾಗಿ, ನೀರು ಬೆಚ್ಚಗಾಗಿ, ಮಧ್ಯಾಹ್ನ ಉಂಡು ಮಲಗಿದವರ ಹಾಗೆ ಮಿಸುಕದೆ ಬಿದ್ದಿರುತ್ತಿತ್ತು. ಮೇಲೆಲ್ಲ ಹಸಿರು ಎಳೆಎಳೆಯ ಇನ್ನೊಂದು ಪಾಚಿ ಹಬ್ಬಿತ್ತು. ಅದನ್ನು ಎಲ್ಲರೂ 'ಕೂದಲು' ಅನ್ನುತ್ತಿದ್ದರು. ಅದನ್ನು ಕೊಳ್ಳುವವರಿಲ್ಲ, ತಿನ್ನುವವರಿಲ್ಲ. ಬಿಸಿಲು ಬಿದ್ದಾಗ ಮಾತ್ರ ನೋಡಲು ಬಲು ಚೆಂದ. ನೀರೇ ಹುಲ್ಲುಗಾವಲಾಗಿ ಉಸಿರಾಡಿದಂತೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಅದರ ಕೆಳಗಿನ ನೀರು ಮಬ್ಬು. ಸೊಂಟದವರೆಗೆ ಇಳಿದು ನಿಂತರೆ ತನ್ನ ಮಂಡಿಯೇ ತನಗೆ ಕಾಣಿಸದು.

ಹಾಗಾಗಿ ಸೊಪ್ಪು ಹುಡುಕುವುದು ಕಣ್ಣಿನಿಂದಲ್ಲ, ಕಾಲಿನಿಂದ. ಬರಿಗಾಲನ್ನು ತಳದ ಮೇಲೆ ಮೆಲ್ಲಗೆ ಜಾರಿಸುತ್ತಾ ಹೋಗಬೇಕು. ಮೆತ್ತಗೆ ಸಿಕ್ಕಿತೋ, ಬಗ್ಗಿ ಬುಡ ಬಿಟ್ಟು ತುದಿ ಕೊಯ್ಯಬೇಕು. ಆ ದಡದಲ್ಲಿ ಅತ್ತೆಯ ಕಾಲಿಗಿದ್ದ ಹೆಸರು ಇನ್ನಾರ ಕಾಲಿಗೂ ಇರಲಿಲ್ಲ. ಸೊಪ್ಪು ತೆಳುವಾದ ವರ್ಷ ಹೆಂಗಸರೆಲ್ಲ ಸೇರಿ 'ನೀರಿಗೆ ಬೀಗ' ಹಾಕುತ್ತಿದ್ದರು. ಅಂದರೆ ಒಂದು ಗಳ ನೆಟ್ಟರೆ, ಅದು ಇರುವವರೆಗೆ ಯಾರೂ ಇಳಿಯಬಾರದು. ಬೀಗ ಹಾಕಬೇಕೋ ಬೇಡವೋ ಎಂದು ಕೇಳುತ್ತಿದ್ದುದು ಅತ್ತೆಯನ್ನು. ಅವರು ಒಮ್ಮೆ ಉದ್ದಕ್ಕೂ ನಡೆದು ಬಂದು ಹೇಳಿದರೆ ಮುಗಿಯಿತು.

ಈ ವರ್ಷ ಅತ್ತೆ ಹೇಳಿದ್ದು: ಬೀಗ ಬೇಡ, ಸೊಪ್ಪು ಹಿಂದೆಂದೂ ಇಷ್ಟಿರಲಿಲ್ಲ.

ಸೊಸೆಯ ಕಾಲಿಗೆ ಮಾತ್ರ ಬರಿಯ ಕಲ್ಲು ಸಿಗುತ್ತಿತ್ತು. ಈಗಲೇ ಬೀಗ ಹಾಕದಿದ್ದರೆ, ಸಿಗದ ಸಿಟ್ಟಿಗೆ ಜನ ಬುಡವನ್ನೂ ಕೀಳುತ್ತಾರೆ. ಬುಡ ಹೋದರೆ ಸೊಪ್ಪು ಮತ್ತೆ ಬರುವುದಿಲ್ಲ. ಅವಳಿಗೆ ಗೊತ್ತಿದ್ದ ಕಸುಬು ಅದೊಂದೇ. ಆ ಭಯವನ್ನು ಮನೆಯಲ್ಲಿ ಎಷ್ಟು ಸಲ ಹೇಳಿದರೂ ಅವಳ ಮಾತಿಗೆ ಯಾರೂ ಸೊಪ್ಪು ಹಾಕಲಿಲ್ಲ. ಸೊಪ್ಪಿನ ಮನೆಯಲ್ಲೇ ಅದಕ್ಕೆ ಬರ ನೋಡಿ.

ಊಟಕ್ಕೆ ಕೂತಾಗ ಅವಳು ಗಂಡನ ಕಡೆ ನೋಡಿದಳು. ಅವನು ಆಚೆ ದಡಕ್ಕೆ ಜನರನ್ನು ದಾಟಿಸುವ ಮೋಟಾರು ದೋಣಿಯವನು. ಇಡೀ ದಿನ ನೀರಿನ ಮೇಲೇ ಇರುವವನು.

"ರೀ, ನೀವಾದ್ರೂ ಹೇಳಿ. ಸೊಪ್ಪು ಇದೆಯಾ?"

"ಇಲ್ಲದೆ ಏನು? ಎಲ್ಲಿ ನೋಡಿದ್ರೂ ಅದೇ. ಇವತ್ತು ಮೋಟಾರಿನ ಪಂಖಕ್ಕೆ ಸುತ್ಕೊಂಡು, ನಡುನೀರಲ್ಲಿ ನಿಲ್ಲಿಸಿ ಚಾಕು ಹಾಕಿ ಕೊಯ್ದೆ. ದೋಣಿ ತುಂಬ ಜನ ನನ್ನನ್ನೇ ನೋಡ್ತಾ ಕೂತಿದ್ರು."

"ಅದು ಕೂದಲು ರೀ! ನಾನು ಕೇಳಿದ್ದು ಸೊಪ್ಪು."

"ಮೇಲಿಂದ ನೋಡಿದ್ರೆ ಎಲ್ಲಾ ಒಂದೇ ಕಣೇ."

"ಕೇಳಿಸ್ತಾ?" ಎಂದು ಅತ್ತೆ ಮೀನಿನ ಮುಳ್ಳು ಬಿಡಿಸುತ್ತಾ ಗೆದ್ದವರ ದನಿಯಲ್ಲಿ ಕೇಳಿದರು. "ನನ್ನ ಮಗನೂ ಅದನ್ನೇ ಹೇಳ್ತಿದಾನೆ."

"ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ನಿಮ್ಮ ಮಗ ಏನು ಬೇಕಾದ್ರೂ ಹೇಳ್ತಾರೆ" ಎಂದು ಸೊಸೆ ಎದ್ದು ಕೈ ತೊಳೆದಳು. ಗಂಡ ತಟ್ಟೆಯಲ್ಲಿ ಇನ್ನಷ್ಟು ಅನ್ನ ಕಲಸಿಕೊಂಡ. ಪಾಪ, ಅವನದು ತಪ್ಪೇನಲ್ಲ. ತಾಯಿ ಹೆಂಡತಿಯರ ನಡುವೆ ಕೂತು ಉಣ್ಣುವವನಿಗೆ ಅನ್ನ ಕಲಸುವುದೊಂದೇ ಸುರಕ್ಷಿತವಾದ ಕೆಲಸ.

ಮನೆಯಲ್ಲಿ ನಾಲ್ಕನೆಯವಳು ಮೊಮ್ಮಗಳು. ಶಾಲೆ ಮುಗಿಸಿ ಪೇಟೆಯ ಬ್ಯೂಟಿ ಪಾರ್ಲರೊಂದರಲ್ಲಿ ಕೆಲಸ ಕಲಿಯುತ್ತಿದ್ದಳು. ಕಲಿತದ್ದನ್ನು ಅಭ್ಯಾಸ ಮಾಡಲು ಅವಳಿಗೆ ಯಾರದಾದರೂ ತಲೆಯೋ ಕೈಯೋ ಬೇಕೇ ಬೇಕು. ಅಮ್ಮ ಹತ್ತಿರ ಸೇರಿಸುವುದಿಲ್ಲ. ಅಪ್ಪನ ತಲೆಯಲ್ಲಿ ಅಭ್ಯಾಸಕ್ಕೆ ಬೇಕಾದಷ್ಟು ಕೂದಲಿಲ್ಲ. ಒಂದು ರಜಾದಿನ ಅವಳು ಬೋಗುಣಿಯಲ್ಲಿ ನೀರು ತಂದು ಅಜ್ಜಿಯ ಮುಂದೆ ಕೂತಳು.

"ಕಾಲು ಕೊಡು ಅಜ್ಜಿ. ಉಜ್ಜಿ ಉಗುರು ತೆಗೀತೀನಿ. ಪಾರ್ಲರಲ್ಲಿ ಇದಕ್ಕೆ ಜನ ಸಾಲು ನಿಲ್ತಾರೆ."

"ಕಾಲು ಉಜ್ಜಿಸ್ಕೊಳ್ಳೋಕೆ ಸಾಲು ನಿಲ್ತಾರಾ? ಅವರ ಮನೇಲಿ ನೀರಿಲ್ವಾ?" ಎಂದರು ಅಜ್ಜಿ, ಆದರೂ ಕಾಲು ಕೊಟ್ಟರು.

ಅಜ್ಜಿಗೆ ಮೊದಲಿನಿಂದ ಅಂಗಾಲಿನ ಕಚಗುಳಿ ಜಾಸ್ತಿ. ಮೊಮ್ಮಗಳು ಚಿಕ್ಕವಳಿದ್ದಾಗ ಅಜ್ಜಿಯ ಅಂಗಾಲು ಮುಟ್ಟಿದರೆ ಸಾಕು, ಅವರು ಬಾಯಿ ಬಿಟ್ಟು ನಕ್ಕು ನಕ್ಕು ಮಂಚದಿಂದ ಬೀಳುವ ಹಾಗಾಗುತ್ತಿತ್ತು. ಈಗ ಹುಡುಗಿ ಒರಟು ಕಲ್ಲಿನಿಂದ ಅಂಗಾಲು ಉಜ್ಜಿದಳು, ಅಜ್ಜಿ ಪಕ್ಕದ ಮನೆಯವರ ಹೊಸ ಬಾಗಿಲಿನ ವಿಚಾರ ಹೇಳುತ್ತಲೇ ಇದ್ದರು. ಬೇಕೆಂದೇ ಬೆರಳ ತುದಿಯಿಂದ ಗೀರಿದಳು. ಅಜ್ಜಿ ಬಾಗಿಲಿನಿಂದ ಕಿಟಕಿಗೆ ಹೋದರು.

"ಅಜ್ಜಿ, ಕಚಗುಳಿ ಆಗ್ತಿಲ್ವಾ?"

"ಈ ವಯಸ್ಸಲ್ಲಿ ಎಂಥ ಕಚಗುಳಿಯೇ?"

ಹುಡುಗಿಗೆ ಅದೇನೋ ಬೇಸರವಾಯಿತು. ಅಜ್ಜಿ ದೊಡ್ಡವರಾಗಿಬಿಟ್ಟರು ಎಂದುಕೊಂಡು ಉಗುರಿಗೆ ತಿಳಿಗುಲಾಬಿ ಬಣ್ಣ ಹಚ್ಚಿದಳು. ಆ ವಾರವೆಲ್ಲ ಅತ್ತೆ ಗುಲಾಬಿ ಉಗುರುಗಳಲ್ಲೇ ನೀರಿಗೆ ಇಳಿದರು.

ಬೆಳಗಿನ ಹೊತ್ತು ಅತ್ತೆ ಸೊಸೆ ಒಟ್ಟಿಗೇ ಇಳಿಯುತ್ತಿದ್ದರು. ಮಂಜು ಇನ್ನೂ ದಿಬ್ಬದ ಮೇಲೆ ಕೂತಿರುತ್ತಿತ್ತು. ಹಸಿರು ಕೂದಲು ಸೊಂಟಕ್ಕೆ ಸುತ್ತಿ ಬಿಟ್ಟು, ಸುತ್ತಿ ಬಿಟ್ಟು ಮಾಡುತ್ತಿತ್ತು. ದೂರದಲ್ಲಿ ಕೊಡೆಯೊಂದು ನೀರಿನ ಮೇಲೆ ತಾನೇ ತೇಲುತ್ತಿರುವಂತೆ ಕಾಣಿಸಿದರೆ, ಅದರ ಕೆಳಗೆ ಕೊಡೆಯಕ್ಕ ಇದ್ದಾಳೆಂದು ಅರ್ಥ. ಬಿಸಿಲಿರಲಿ ಬಿಡಲಿ, ಕೊಡೆಯಿಲ್ಲದೆ ನೀರಿಗಿಳಿಯದ ಹೆಂಗಸು. ಅತ್ತೆ ಕಣ್ಣು ಅರೆಮುಚ್ಚಿ ನಡೆಯುತ್ತಿದ್ದರು, ಹಾಡು ನೆನಪಿಸಿಕೊಳ್ಳುವವರ ಹಾಗೆ.

"ಇಲ್ಲಿ ನೋಡು. ಇಲ್ಲಿ. ಎಷ್ಟು ಮೆತ್ತಗಿದೆ! ನಾನು ಹೊಸದಾಗಿ ಬಂದಾಗಲೂ ಹೀಗಿರ್ಲಿಲ್ಲ."

ಸೊಸೆ ಅತ್ತೆಯ ಕಾಲಿನ ಪಕ್ಕದಲ್ಲೇ ತನ್ನ ಕಾಲಿಟ್ಟಳು. ಕಲ್ಲು. ನುಣ್ಣನೆಯ, ಬೋಳು ಕಲ್ಲು. ಬಗ್ಗಿ ಅದನ್ನೇ ಎತ್ತಿ ತೋರಿಸಿದಳು.

"ನಿನ್ನ ಕೈಗೆ ಸಿಗೋದೇ ಕಲ್ಲು" ಎಂದು ಅತ್ತೆ ಮುಂದೆ ನಡೆದರು. ಅವರ ಬುಟ್ಟಿಯಲ್ಲೂ ಹೆಚ್ಚೇನಿರಲಿಲ್ಲ. ಕೇಳಿದರೆ, "ನನಗೆ ಬಗ್ಗೋಕಾಗಲ್ಲ, ಬಗ್ಗೋ ವಯಸ್ಸಿನವಳು ನೀನು" ಎನ್ನುತ್ತಿದ್ದರು.

ಹೇಳಿದ್ದನ್ನೇ ಹೇಳುತ್ತಿದ್ದರೆ ಕೇಳುವವರಿಗೆ ತಮ್ಮ ಮೇಲೇ ಅನುಮಾನ ಹುಟ್ಟುತ್ತದೆ. ಒಂದು ಸಂಜೆ ಸೊಸೆ ಅಡುಗೆಮನೆಯ ನೆಲದ ಮೇಲೆ ಒಂದು ಹಿಡಿ ಅಕ್ಕಿ ಚೆಲ್ಲಿ, ಕಣ್ಣು ಮುಚ್ಚಿ, ಅದರ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದಳು. ಮಗಳು ಬಂದವಳು ಬಾಗಿಲಲ್ಲೇ ನಿಂತಳು.

"ಏನಮ್ಮ ಮಾಡ್ತಿದೀಯ?"

"ನನ್ನ ಕಾಲು ಸರಿ ಇದೆಯಾ ಅಂತ ನೋಡ್ತಿದೀನಿ."

"ಇದೆಯಾ?"

"ಒಂದೊಂದು ಕಾಳೂ ಗೊತ್ತಾಗ್ತಿದೆ" ಎಂದಳು ಅಮ್ಮ, ಕಣ್ಣು ತೆರೆಯದೆ. ಮಗಳು ಕೂತು ಅಕ್ಕಿಯನ್ನು ಮೊರಕ್ಕೆ ಬಳಿದಳು.

ಮುಂದಿನ ವಾರಗಳಲ್ಲಿ ಬಲೆಯ ಮೇಲೆ ಒಣಗುವ ಸೊಪ್ಪು ಇನ್ನೂ ಕಡಿಮೆಯಾಯಿತು. ಕೆಲವು ಹೆಂಗಸರ ರಾಶಿಯಲ್ಲಿ ಬುಡಗಳು ಕಾಣಿಸತೊಡಗಿದವು. ಅವುಗಳಲ್ಲಿ ಚಿಕ್ಕ ಚಿಕ್ಕ ಹರಳುಗಳು ಇನ್ನೂ ಕಚ್ಚಿಕೊಂಡಿದ್ದವು. ಕೊಡೆಯಕ್ಕ ಒಂದು ಮಧ್ಯಾಹ್ನ ಅಂಗಳಕ್ಕೆ ಬಂದು, ಕೊಡೆ ಮಡಚಿ, ಚಹಾ ಕುಡಿದು, ಕೊನೆಗೆ ವಿಷಯಕ್ಕೆ ಬಂದಳು.

"ದೊಡ್ಡಮ್ಮ, ಭಾನುವಾರ ಎಲ್ಲ ದಡದ ಚಪ್ಪರದಲ್ಲಿ ಸೇರ್ತಿದೀವಿ. ಅರ್ಧ ಜನ ಬೀಗ ಹಾಕೋಣ ಅಂತಾರೆ, ಅರ್ಧ ಜನ ಬೇಡ ಅಂತಾರೆ. ನೀವು ಇನ್ನೊಂದು ಸಲ ನಡೆದು ನೋಡಿ ಹೇಳಿ. ನೀವು ಹೇಳಿದ ಹಾಗೆ."

"ಎಷ್ಟು ಸಲ ನಡೆದ್ರೂ ಅಷ್ಟೇ" ಎಂದರು ಅತ್ತೆ. "ಸೊಪ್ಪಿದೆ."

"ಇಲ್ಲ" ಎಂದಳು ಸೊಸೆ. ಚಹಾದ ಲೋಟಗಳನ್ನು ಎತ್ತುತ್ತಿದ್ದವಳು ಹಾಗೇ ನಿಂತಿದ್ದಳು. "ಇಲ್ಲ ಅಕ್ಕ. ಭಾನುವಾರ ನಾನೂ ಬರ್ತೀನಿ. ಬೀಗ ಹಾಕಿ ಅಂತ ನಾನೇ ಹೇಳ್ತೀನಿ."

"ಯಾರ ಮುಂದೆ?" ಅತ್ತೆಯ ಮುಖ ಕೆಂಪಾಯಿತು. "ನನ್ನ ಮುಂದೆನಾ? ಈ ಮನೆಗೆ ಬಂದಾಗ ಸೊಪ್ಪು ಯಾವುದು, ಕಸ ಯಾವುದು ಅಂತ ನಿನಗೆ ಗೊತ್ತಿರ್ಲಿಲ್ಲ. ನಿನ್ನ ಕಾಲು ಹಿಡಿದು ತಳದ ಮೇಲೆ ಇಟ್ಟು ತೋರಿಸಿದವಳು ನಾನು!"

"ಅದಕ್ಕೇ ಹೇಳ್ತಿದೀನಿ ಅತ್ತೆ. ನೀವು ಕಲಿಸಿದ ಕಾಲು ಸುಳ್ಳು ಹೇಳಲ್ಲ."

ಕೊಡೆಯಕ್ಕ ಮೆಲ್ಲಗೆ ಕೊಡೆ ಬಿಚ್ಚಿಕೊಂಡು ಹೊರಟಳು, ಅಂಗಳದಲ್ಲೇ ಮಳೆ ಶುರುವಾದ ಹಾಗೆ.

ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ಅತ್ತೆ ಹೇಳಬೇಕಾದ್ದನ್ನು ಮೊಮ್ಮಗಳಿಗೆ ಹೇಳುವರು, ಮೊಮ್ಮಗಳು ಅಮ್ಮನಿಗೆ ದಾಟಿಸುವಳು. "ಅಪ್ಪ ದೋಣಿ ದಾಟಿಸ್ತಾನೆ, ನಾನು ಮಾತು ದಾಟಿಸ್ತೀನಿ, ನನಗೂ ಟಿಕೆಟ್ ಕೊಡಿ" ಎಂದು ಹುಡುಗಿ ಗೊಣಗಿದರೆ ಇಬ್ಬರೂ ನಗಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೂ ಯಾರೂ ಹೇಳಲಿಲ್ಲ. ಹೇಳದೆ ಉಂಡ ಆ ಸಪ್ಪೆ ಊಟಗಳು ಜಗಳಕ್ಕಿಂತ ಕಷ್ಟವಾಗಿದ್ದವು.

ಭಾನುವಾರ ಬೆಳಗ್ಗೆ ಅತ್ತೆ ಒಬ್ಬರೇ ನೀರಿಗಿಳಿದು, ಉದ್ದಕ್ಕೂ ನಡೆದು, ಹಿಂದಿನ ಬಾಗಿಲಿನಿಂದ ಒಳಗೆ ಬಂದರು. ಸೊಸೆ ಆಗಷ್ಟೇ ನೆಲ ಒರೆಸಿದ್ದಳು. ಸಿಮೆಂಟು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಅತ್ತೆ ಬಟ್ಟೆ ಬದಲಾಯಿಸಿದರು, ಬಾಚಣಿಗೆ ಹುಡುಕಿ ಆ ಕೋಣೆಗೆ ಹೋದರು, ಈ ಕೋಣೆಗೆ ಬಂದರು, ನೀರು ಕುಡಿದರು. ಆಮೇಲೆ ನೆಲ ನೋಡಿ ಬೆಚ್ಚಿದರು.

"ಅಯ್ಯೋ, ಇದೇನಿದು ರಕ್ತ? ಯಾರೇ ಕಾಲು ಕೊಯ್ಕೊಂಡಿದ್ದು?"

ಒರೆಸಿದ ನೆಲದ ಮೇಲೆ ಕೆಂಪು ಹೆಜ್ಜೆಗಳು, ಕೋಣೆಯಿಂದ ಕೋಣೆಗೆ. ಅತ್ತೆಗೆ ಜಗಳ ಮರೆತೇ ಹೋಯಿತು. ಇಷ್ಟು ದಿನ ಮಾತಾಡದ ಸೊಸೆಯನ್ನೇ ಮೊದಲು ಹಿಡಿದುಕೊಂಡರು.

"ನಿಂದೇನೇ? ತೋರಿಸು. ಕಾಲೆತ್ತು. ಎತ್ತೇ ಅಂದ್ರೆ!"

ಸೊಸೆ ಗೋಡೆ ಹಿಡಿದು ಕಾಲೆತ್ತಿದಳು. ಏನೂ ಇರಲಿಲ್ಲ. ಮೊಮ್ಮಗಳು ಕಾಲೆತ್ತಿದಳು. ಮಗ ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದವನು ಹಾಗೇ ಬಂದು, ಒಂದು ಕಾಲಲ್ಲಿ ನಿಂತು, ಚಿಕ್ಕ ಹುಡುಗನ ಹಾಗೆ ಅಂಗಾಲು ತೋರಿಸಿದ.

"ನಿಂದೂ ಅಲ್ವಾ? ಮತ್ತೆ ಯಾರು ಬಂದಿದ್ರು ಒಳಗೆ? ಇಷ್ಟು ರಕ್ತ ಹೋಗಿದೆ, ಗೊತ್ತಾಗ್ದೇ ಇರುತ್ತಾ ಮನುಷ್ಯರಿಗೆ?" ಅತ್ತೆ ಹೆಜ್ಜೆಗಳನ್ನು ಹಿಂಬಾಲಿಸಿ ಕೋಣೆಗೆ ಹೋದರು, ತಿರುಗಿ ಬಂದರು. ಅವರು ಹೋದಲ್ಲೆಲ್ಲ ಹೊಸದೊಂದು ಸಾಲು ಮೂಡುತ್ತಿತ್ತು.

ಮೂವರೂ ಅವರ ಕಾಲನ್ನೇ ನೋಡುತ್ತಿದ್ದರು. ಅತ್ತೆಯೂ ಕೊನೆಗೆ ನೋಡಿದರು.

ಮಗ ಮುಂದೆ ಬಂದು ಅವರನ್ನು ಕುರ್ಚಿಯಲ್ಲಿ ಕೂರಿಸಿದ. ಸೊಸೆ ನೆಲದ ಮೇಲೆ ಕೂತು ಅವರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಗುಲಾಬಿ ಬಣ್ಣ ಅರೆಬರೆ ಉಳಿದಿದ್ದ ಹೆಬ್ಬೆರಳಿನ ಕೆಳಗೆ ಚಿಪ್ಪಿನ ಚೂರೊಂದು ಆಳಕ್ಕೆ ಹೋಗಿತ್ತು. ಸುತ್ತಲೂ ಹಳೆಯ ಗಾಯಗಳ ಗುರುತು. ಚಿಮಟದಲ್ಲಿ ಎಳೆದಾಗ ನೋಡುತ್ತಿದ್ದ ಹುಡುಗಿಯೇ "ಸ್ಸ್" ಎಂದಳು. ಅತ್ತೆ ಕದಲಲಿಲ್ಲ.

"ನೋವಾಗ್ತಿಲ್ವಾ ಅತ್ತೆ?"

"ಇಲ್ಲ."

"ಯಾವಾಗಿನಿಂದ?"

ಅತ್ತೆ ಇನ್ನೊಂದು ಕಾಲನ್ನು ಬರಿಯ ಸಿಮೆಂಟಿನ ಮೇಲೆ ಮೆಲ್ಲಗೆ ಜಾರಿಸಿದರು, ನೀರಿನಲ್ಲಿ ಜಾರಿಸುವ ಹಾಗೇ. ಹಿಂದಕ್ಕೆ, ಮುಂದಕ್ಕೆ. ಮತ್ತೊಮ್ಮೆ. ಅವರ ಕಣ್ಣು ಅರೆಮುಚ್ಚಿತು, ಥಟ್ಟನೆ ತೆರೆಯಿತು.

"ಮೆತ್ತಗಿದೆ" ಎಂದರು. "ಇಲ್ಲೂ ಮೆತ್ತಗಿದೆ ಕಣೇ." ಸೊಸೆಯ ಮುಖವನ್ನೇ ನೋಡಿದರು. "ಹಾಗಾದ್ರೆ... ಸೊಪ್ಪು?"

ಇಷ್ಟು ದಿನ ಗೆಲ್ಲಬೇಕೆಂದು ಹಟ ಹಿಡಿದ ಸೊಸೆ ಈಗ ಗೆದ್ದು, ಆ ಕಾಲನ್ನು ಹಿಡಿದುಕೊಂಡು ಅತ್ತಳು.

ಮಗ ಆಸ್ಪತ್ರೆಗೆ ಹೋಗೋಣವೆಂದ. "ರಕ್ತದಲ್ಲಿ ಸಕ್ಕರೆ ಜಾಸ್ತಿಯಾದ್ರೆ ಕಾಲು ಹೀಗೆ ಜೋಮು ಹಿಡಿಯುತ್ತಂತೆ ಅಮ್ಮ, ಪಾರ್ಲರಿಗೆ ಬರೋರೊಬ್ಬರು ಹೇಳ್ತಿದ್ರು" ಎಂದು ಮೊಮ್ಮಗಳೂ ಸೇರಿಸಿದಳು. ಅತ್ತೆ, "ಮೊದಲು ಚಪ್ಪರ, ಆಮೇಲೆ ಆಸ್ಪತ್ರೆ" ಎಂದುಬಿಟ್ಟರು. ಪಟ್ಟಿ ಕಟ್ಟಿಸಿಕೊಂಡು, ಜನ್ಮದಲ್ಲಿ ಹಾಕದ ಚಪ್ಪಲಿಯನ್ನು ಮಗನಿಂದ ತೊಡಿಸಿಕೊಂಡು, ಅವನ ದೋಣಿಯಲ್ಲೇ ಹೊರಟರು. ಕೂದಲು ಪಂಖಕ್ಕೆ ಸಿಕ್ಕಿ ದೋಣಿ ನಿಂತಿತು. ಮಗ ಕೊಯ್ಯುವವರೆಗೂ ನಾಲ್ವರೂ ಆ ಹಸಿರು ನಿದ್ದೆಯ ನಡುವೆ ಕೂತಿದ್ದರು.

ಚಪ್ಪರದಲ್ಲಿ ಹೆಂಗಸರು ತುಂಬಿದ್ದರು. ಕೊಡೆಯಕ್ಕ ಜಾಗ ಮಾಡಿಕೊಟ್ಟಳು. "ಬನ್ನಿ ದೊಡ್ಡಮ್ಮ. ನಡೆದು ಬಂದ್ರಾ? ಕಾಲು ಏನಂತು?"

ಸುಳ್ಳು ಹೇಳಿದ್ದರೆ ನಡೆಯುತ್ತಿತ್ತು. 'ಸೊಪ್ಪು ತೆಳುವಾಗಿದೆ, ಹಾಕಿ ಬೀಗ' ಎಂದು ಎಂದಿನ ಠೀವಿಯಲ್ಲಿ ಹೇಳಿದ್ದರೆ ಬೀಗವೂ ಬೀಳುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಮನೆಯವರು ಯಾರೂ ಬಾಯಿ ಬಿಡುತ್ತಿರಲಿಲ್ಲ. ಅತ್ತೆ ಎಲ್ಲರನ್ನೂ ಒಮ್ಮೆ ನೋಡಿದರು.

"ನನ್ನ ಕಾಲಿಗೆ ಈಗ ಸಿಮೆಂಟೂ ಸೊಪ್ಪೇ" ಎಂದರು.

ಹೆಂಗಸರು ಗೊಳ್ಳೆಂದು ನಕ್ಕರು. ಅತ್ತೆ ನಗದಿದ್ದುದನ್ನು ನೋಡಿ ಒಬ್ಬೊಬ್ಬರೇ ನಿಲ್ಲಿಸಿದರು.

"ಕಾಲು ಸತ್ತಿದೆ ನಂದು. ಯಾವಾಗ ಸತ್ತಿತೋ ಗೊತ್ತಿಲ್ಲ. ಸತ್ತ ಕಾಲಿನ ಮಾತು ನಂಬ್ಕೊಂಡು ನಾನು ಕುಣಿದೆ, ನೀವೂ ಕುಣಿದ್ರಿ. ಇವಳು ಮೊದಲಿಂದ ಹೇಳ್ತಾನೇ ಇದ್ಲು. ಸೋಮಾರಿ ಅಂತ ನಾನು ಬೈದೆ. ಇನ್ಮೇಲೆ ಕೇಳೋದಾದ್ರೆ ಇವಳ ಕಾಲನ್ನ ಕೇಳಿ."

ಎಲ್ಲರೂ ಸೊಸೆಯ ಕಡೆ ತಿರುಗಿದರು. ಅವಳಿಂದ ಒಂದೇ ಮಾತು ಹೊರಟಿತು: "ಬೀಗ."

ಗಳ ನೆಡುವುದು ಯಾವಾಗಲೂ ಅತ್ತೆಯ ಕೆಲಸ. ಅಂದು ಅವರು ಅದನ್ನು ಸೊಸೆಯ ಕೈಗೆ ಕೊಟ್ಟು, ದಡದ ಕಲ್ಲಿನ ಮೇಲೆ ಚಪ್ಪಲಿ ಹಾಕಿಕೊಂಡೇ ಕೂತರು. ಮುಂದೆ ಬೀಗ ತೆಗೆಯುವಾಗಲೂ ತಾವು ನೀರಿಗೆ ಇಳಿಯುವವರಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮೊಮ್ಮಗಳು ಹತ್ತಿರ ಬಂದು ಕೂತು ಕೈ ಹಿಡಿದುಕೊಂಡಳು.

ಸೊಸೆ ಹಸಿರು ಕೂದಲನ್ನು ಎರಡೂ ಕೈಯಿಂದ ಸರಿಸುತ್ತಾ ಮೊದಲು ಮಂಡಿಯವರೆಗೆ, ಆಮೇಲೆ ಸೊಂಟದವರೆಗೆ ಹೋದಳು. ಗಳ ನೆಟ್ಟು, ಅಲ್ಲಾಡಿಸಿ ನೋಡಿದಳು. ಎಲ್ಲ ಮುಗಿಯಿತೆಂದು ದಡದಲ್ಲಿದ್ದವರು ಏಳುತ್ತಿದ್ದಾಗಲೂ ಅವಳು ಅಲ್ಲೇ ನಿಂತಿದ್ದಳು. ಒಂದು ಕಾಲು ನೀರೊಳಗೆ ಏನನ್ನೋ ಹುಡುಕುತ್ತಿತ್ತು.

"ಏನೇ ಅದು?" ಅತ್ತೆ ಕೂಗಿದರು. "ಕಲ್ಲಾ?"

"ಕಲ್ಲು ಅತ್ತೆ. ಮೇಲೆ ಏನೋ ಇದೆ. ಬುಡ ಇರ್ಬೇಕು. ಸಣ್ಣದು."

ಬುಡ ಸತ್ತಿದ್ದರೆ ಕೊಳೆತು, ಕಾಲಿಗೆ ಲೋಳೆಯಾಗಿ ಜಾರುತ್ತದೆ. ಜೀವ ಇದ್ದರೆ ಮೊಂಡು ಬ್ರಷ್ಷಿನ ಹಾಗೆ ಬಿರುಸಾಗಿರುತ್ತದೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಎದ್ದವರು ಹಾಗೇ ನಿಂತರು.

"ಮೆತ್ತಗಿದೆಯಾ?" ಅತ್ತೆ ಕಲ್ಲಿನ ತುದಿಗೆ ಜರುಗಿದರು. "ನಿಜ ಹೇಳು. ನನ್ನ ಸಮಾಧಾನಕ್ಕೆ ಹೇಳ್ಬೇಡ. ಮೆತ್ತಗಾ?"

ಸೊಸೆ ಹೆಜ್ಜೆಯನ್ನು ಒತ್ತಿ ಊರಿದಳು.

"ಇಲ್ಲ ಅತ್ತೆ. ಚುಚ್ತಿದೆ!"

"ಚುಚ್ತಿದೆಯಂತೆ!" ಎಂದು ಅತ್ತೆ ಮೊಮ್ಮಗಳ ಕೈ ಬಿಟ್ಟು, ನೋವಿಲ್ಲದ ಎರಡು ಕಾಲುಗಳ ಮೇಲೆ ತಡವರಿಸುತ್ತಾ ಎದ್ದು ನಿಂತು, ಚಪ್ಪರದ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು. "ಕೇಳಿದ್ರೇನ್ರೇ? ನನ್ನ ಸೊಸೆ ಕಾಲಿಗೆ ಚುಚ್ತಿದೆಯಂತೆ!"